ಮಣ್ಣಿಗಿಳಿದ ಸೋದರಮಾವ

ಅಂದು ಬೆಳಿಗ್ಗೆ ಅರಸೀಕೆರೆಯಿಂದ ತಿಪಟೂರಿನತ್ತ ಕಾರು ಓಡಿಸುತ್ತಿದ್ದ ಶೇಷಗಿರಿರಾಯರ ಸಂಭ್ರಮಕ್ಕೆ ಮೇರೆಯೇ ಇರಲಿಲ್ಲ...

ತಂಗಿಯ ಮಗಳು ಮೈತ್ರೇಯಿಯ ಮದುವೆ. ವಧುವನ್ನು ಮಂಟಪಕ್ಕೆ ಕರೆತರುವ ಭಾಗ್ಯ ಸೋದರಮಾವನದು. ರಸ್ತೆ ಅಪಘಾತದಲ್ಲಿ ತಂದೆಯನ್ನು ಕಳೆದುಕೊಂಡಿದ್ದ ಆ ಹುಡುಗಿಗಂತೂ ಮಾವನೇ ಸರ್ವಸ್ವ.

“ರೀ, ಮದುವೆ ಅವಳದು. ಸೆಂಟು ಪೂಸಿಕೊಂಡಿರೋದು ನೀವು!” ಪಕ್ಕದಲ್ಲಿದ್ದ ಪತ್ನಿ ಜಲಜಾಕ್ಷಿ ಛೇಡಿಸಿದರು.

“ಕರ್ಕೊಂಡು ಬರೋನು ನಾನು ಕಣೇ! ಎಲ್ಲರ ಕಣ್ಣೂ ನಮ್ಮಿಬ್ಬರ ಮೇಲೇ...”

ರಾಯರು ಶಿಸ್ತಿನ ಚಾಲಕರು. ವೇಗದ ಮಿತಿಯನ್ನು ಮೀರಿದವರಲ್ಲ, ತಮ್ಮ ಬದಿಯನ್ನು ಬಿಟ್ಟವರಲ್ಲ.

ಆದರೆ ಆ ಶಿಸ್ತಿನ ನೆರಳಿನಲ್ಲೇ ಒಂದು ಹಟವೂ ಬೆಳೆದಿತ್ತು... ತಮ್ಮ ಬದಿಗೆ ನುಗ್ಗಿ ಬಂದವರಿಗೆ ಅವರು ಜಾಗ ಕೊಡುತ್ತಿರಲಿಲ್ಲ!

ತಿರುವು ದಾಟುತ್ತಿದ್ದಂತೆ ಎದುರಿಗೊಂದು ಲಾರಿ. ಅದನ್ನು ಹಿಂದಿಕ್ಕುವ ಆತುರದಲ್ಲಿ ಕೆಂಪು ಕಾರೊಂದು ನೇರವಾಗಿ ಇವರ ಬದಿಗೇ ಬಂದುಬಿಟ್ಟಿತು!

ರಾಯರು ಹೆಡ್‌ಲೈಟ್ ಮಿನುಗಿಸಿದರು, ಹಾರ್ನ್ ಒತ್ತಿದರು. ಆ ಕಾರು ಹಿಂದೆ ಸರಿಯಲಿಲ್ಲ...

“ಇದು ನಮ್ಮ ಸೈಡು! ಅವನೇ ಸರೀಲಿ!”

“ಸೈಡು ನಮ್ಮದೇ ರೀ... ಅಲ್ಲಿ ಮೈತ್ರೇಯಿ ಕಾಯ್ತಾ ಇದಾಳೆ!”

ಆ ಹೆಸರು ಕಿವಿಗೆ ಬಿದ್ದದ್ದೇ ತಡ, ರಾಯರ ಕಾಲು ಬ್ರೇಕಿನ ಮೇಲಿತ್ತು. ಸ್ಟೇರಿಂಗನ್ನು ಒಮ್ಮೆಲೇ ತಿರುಗಿಸದೆ, ವೇಗ ತಗ್ಗಿಸುತ್ತ, ಕಾರನ್ನು ಎಡಗಡೆಯ ಮಣ್ಣಿಗೆ ಇಳಿಸಿದರು.

ಕೆಂಪು ಕಾರು ಕೂದಲೆಳೆಯ ಅಂತರದಲ್ಲಿ ಹಾದುಹೋಯಿತು.

ಜಲಜಾಕ್ಷಿ ದೇವರಿಗೆ ಕೈಮುಗಿದರು. ರಾಯರ ಮುಖ ಮಾತ್ರ ಸೋತವರಂತೆ ಬಾಡಿತ್ತು. ಕಾರನ್ನು ಮತ್ತೆ ರಸ್ತೆಗೆ ಹತ್ತಿಸಿ ತಿಪಟೂರು ಸೇರಿದರು...

ಕಲ್ಯಾಣ ಮಂಟಪದ ಕೋಣೆಯಲ್ಲಿ ಅಲಂಕೃತಳಾಗಿ ಕುಳಿತಿದ್ದ ಮೈತ್ರೇಯಿ ಅವರನ್ನು ಕಂಡೊಡನೆ ನಕ್ಕಳು. “ಯಾಕ್ ಮಾವ ಮುಖ ಊದಿಸ್ಕೊಂಡಿದೀರಾ? ಇವತ್ತು ಅಳಬೇಕಾದವಳು ನಾನು!”

“ದಾರೀಲಿ ಒಬ್ಬ ಅವಿವೇಕಿ ಅಡ್ಡ ಬಂದ ಕಣಮ್ಮ. ತಪ್ಪು ಅವನದು... ಮಣ್ಣಿಗಿಳಿದವನು ನಾನು!”

ಮದುಮಗಳ ನಗು ನಿಂತಿತು.

“ಅಪ್ಪನಿಗೂ ಹೀಗೇ ಅಡ್ಡ ಬಂದಿದ್ರು ಮಾವ... ‘ನಿಮ್ಮಪ್ಪಂದು ಒಂದಿಷ್ಟೂ ತಪ್ಪಿಲ್ಲ’ ಅಂತ ಎಲ್ಲರೂ ಹೇಳಿದ್ರು. ಅದನ್ನ ಕೇಳೋಕೆ ಅಪ್ಪನೇ ಇರಲಿಲ್ಲ...”

ಅವಳು ಮಾವನ ಎರಡೂ ಕೈಗಳನ್ನು ಹಿಡಿದುಕೊಂಡಳು.

“ನೀವು ಇಳಿದ್ರಿ, ಬಂದ್ರಿ. ನಂಗೆ ಅಷ್ಟು ಸಾಕು.”

ರಾಯರು ಆ ಕೈಗಳನ್ನು ಕಣ್ಣಿಗೊತ್ತಿಕೊಂಡರು. ಸೋತೆನೆಂಬ ಭಾವವೆಲ್ಲ ಕಣ್ಣೀರಾಗಿ ಹರಿದುಹೋಯಿತು...

ಅಷ್ಟರಲ್ಲಿ ಪುರೋಹಿತರ ಕೂಗು: “ಸೋದರಮಾವ ಎಲ್ಲಿ ಸ್ವಾಮಿ? ಹುಡುಗೀನ ಕರ್ಕೊಂಡು ಬನ್ನಿ!”

“ಇಲ್ಲೇ ಇದೀನಿ! ಬಂದ್ವಿ, ಬಂದ್ವಿ!”

ಸೋದರಸೊಸೆಯ ಕೈಹಿಡಿದು ರಾಯರು ಮಂಟಪದತ್ತ ನಡೆದರು... ಕಣ್ಣ ತುಂಬ ನೀರು, ಮುಖದ ತುಂಬ ನಗು!

*ರಸ್ತೆಯಲ್ಲಿ ನಮ್ಮ ಹಕ್ಕನ್ನು ಸಾಧಿಸುವುದಕ್ಕಿಂತ, ನಮಗಾಗಿ ಕಾಯುತ್ತಿರುವವರನ್ನು ಸುರಕ್ಷಿತವಾಗಿ ಸೇರುವುದೇ ದೊಡ್ಡದು.*

ನಾಳೆ ನಿಮ್ಮ ಬದಿಗೆ ಯಾರಾದರೂ ನುಗ್ಗಿ ಬಂದರೆ... ನೀವು ಗೆಲ್ಲಲು ಹೊರಟವರೋ, ಮನೆ ಸೇರಲು ಹೊರಟವರೋ?