ಅಂಬಿಗನ ಪಕ್ಕದ ನಟ್ಟು

"ಬಾಣ ಗುರಿ ತಪ್ಪಿತು. ಅಂಬಿಗ ದೋಣಿ ದಂಡಿಗೆ ತಂದ," ಎನ್ನುತ್ತ ಇಸ್ತಿಯಾಕ ಅವಸರದಿಂದ ಹಾಳೆ ತಿರುವಿದ. ಬೆಂಗೇರಿಯ ಅವನ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಭಾನುವಾರದ ಆಟ ನಡೆದಿತ್ತು. ಅಚ್ಚಾದ ಸಾಹಸಕಥೆಯ ಪುಸ್ತಕ ನೋಡಿ ಅವನು ಕಥೆ ನಡೆಸುತ್ತಿದ್ದ. ಗೆಳೆಯರು ಅದರೊಳಗಿನ ವೀರರಾಗಿ ಆಡುತ್ತಿದ್ದರು. ನಕಾಶೆಯ ಮೇಲೆ ವೀರರೆಲ್ಲ ನಟ್ಟುಗಳು, ಮುದುಕ ಅಂಬಿಗ ಒಂದು ಬೋಲ್ಟು. ತಂದೆ ತೀರಿಕೊಂಡ ಮೇಲೆ ವಿನೀತ ಧಾರವಾಡದಿಂದ ಆಟಕ್ಕೆ ಬಂದದ್ದು ಇದೇ ಮೊದಲು.

"ಪುಸ್ತಕದಾಗ ಹಂಗಿಲ್ಲ," ಎಂದ ವಿನೀತ. "ನಾನೂ ಓದೇನಿ. ಬಾಣ ಬಡದು ಮುದುಕ ಸಾಯತಾನ."

"ಇವತ್ತ ಬ್ಯಾಡ ಬಿಡೋ. ಕಥಿ ಬದಲ ಮಾಡೂದು ನನ್ನ ಕೈಯಾಗ ಐತಿ."

"ಹಂಗಾರ ಸಾಯೂದು ಇರ್ಲಿ, ಅದರ ಮುಂದಿಂದು ಬದಲ ಮಾಡು. ಪುಸ್ತಕದಾಗ ಎಲ್ಲಾರೂ ಅವನ್ನ ಬಿಟ್ಟು ಓಡತಾರ. ನಾ ಓಡೂದಿಲ್ಲ." ವಿನೀತ ತನ್ನ ನಟ್ಟನ್ನು ಬೋಲ್ಟಿನ ಪಕ್ಕಕ್ಕೆ ಸರಿಸಿದ. "ಅಪ್ಪಾರು ಹೋಗೂಮುಂದ ನಾ ಇನ್ನೂ ಬಸ್ಸಿನ್ಯಾಗ ಇದ್ದೆ."

ಇಸ್ತಿಯಾಕ ಪುಸ್ತಕ ಮುಚ್ಚಿಟ್ಟ. ಗಂಟಲು ಸರಿಮಾಡಿಕೊಂಡು ಮುದುಕನ ದನಿಯಲ್ಲಿ ಕೇಳಿದ: "ಬಂದ್ಯಾ, ತಮ್ಮಾ?"

"ಬಂದೇನ್ರಿ," ಎಂದ ವಿನೀತ.