ಒಂದೇ ಚೌಕಟ್ಟಿನವರು

"ಈ ಸೆನೆಟ್‌ನಲ್ಲೇ ಅಪ್ಪಾ, ದೊಡ್ಡ ವಾಕ್‌ಔಟ್ ಆಗಿದ್ದು," ಎಂದು ಹರ್ಷಿಣಿ ಗೋಡೆಯ ಮೇಲಿನ ಪಟ ತೋರಿಸಿದಳು. ಆಸ್ಟಿನ್ನಿನ ಶಾಸನಸಭಾ ಭವನದಲ್ಲಿ ಅವಳು ಗೈಡ್. ಪಟದೊಳಗೆ 1870ರ ಟೆಕ್ಸಾಸ್ ಸೆನೆಟ್ಟಿನ ಸದಸ್ಯರು ಮೊಟ್ಟೆಯಾಕಾರದ ಪುಟ್ಟ ಪುಟ್ಟ ಫೋಟೊಗಳಾಗಿ ಸಾಲುಗಟ್ಟಿದ್ದರು.

ಬಹುಮತ ರಿಪಬ್ಲಿಕನ್ನರದಂತೆ. ಒಂದು ಮಸೂದೆ ಪಾಸಾಗಬಾರದೆಂದು ಅದನ್ನು ವಿರೋಧಿಸಿದವರು ಎದ್ದು ಹೊರನಡೆದರು; ಸಭೆ ನಡೆಸಲು ಬೇಕಾದಷ್ಟು ಜನರಿಲ್ಲದೆ ಕೋರಂ ಮುರಿಯಿತು. ಉಳಿದವರು ಸುಮ್ಮನೆ ಬಿಟ್ಟಾರೆಯೇ? ಅವರನ್ನು ಬಂಧಿಸಿ ಹಿಡಿದು ತರಿಸಿದರು.

ಅವಳ ಅಪ್ಪ ಪ್ರಭಂಜನ ಹೆಂಡತಿ ನಳಿನಿಯತ್ತ ನೋಡಲಿಲ್ಲ. ಹೋದ ವರ್ಷ ತಾವಿರುವ ಸ್ಟಾಫರ್ಡಿನಲ್ಲಿ ತಮ್ಮ ಕನ್ನಡ ಸಂಘದ ಸಭೆಯಿಂದ ವೆಂಕಣ್ಣ ತನ್ನ ಕಡೆಯವರನ್ನು ಎಬ್ಬಿಸಿಕೊಂಡು ಹೊರಟಾಗ, ಕೋರಂ ಹೋಗಬಾರದೆಂದು ಹಾಲ್‌ನ ಬಾಗಿಲಿಗೆ ಬೀಗ ಹಾಕಿಸಿದ ಅಧ್ಯಕ್ಷ ಇವನೇ. ಒಬ್ಬರ ಮನೆಯಲ್ಲಿ ಒಬ್ಬರು ಉಂಡು ಬೆಳೆದ ಗೆಳೆತನ ಅಂದೇ ಮುಗಿಯಿತು. ಸಂಘ ಎರಡಾಯಿತು. ಕಳೆದ ತಿಂಗಳು ವೆಂಕಣ್ಣ ತೀರಿಕೊಂಡ.

"ನಾಳೆ ಸಭೇಲಿ ಸಂತಾಪ ಸೂಚನೆಗೆ ವೆಂಕಣ್ಣನವರ ಹೆಸರು ಇರುತ್ತೆ ತಾನೇ?" ಎಂದಳು ನಳಿನಿ, ಮೆಲ್ಲಗೆ.

"ಸಂಘ ಒಡೆದೋನಿಗೆ ನಾವ್ಯಾಕೆ ಎದ್ದು ನಿಲ್ಲಬೇಕು? ಅವನ ಸಂಘದೋರು ನಿಲ್ಲಲಿ ಬಿಡು." ಬಿರುಸಾಗಿಯೇ ಅಂದ. ಆದರೆ ಕಣ್ಣು ಮತ್ತೆ ಪಟಕ್ಕೇ ಹೋಯಿತು. "ಹರ್ಷಿ, ಇದರಲ್ಲಿ ಎದ್ದುಹೋದವರು ಯಾರು, ಹಿಡಿಸಿದವರು ಯಾರು?"

"ಆಲ್ ಮಿಕ್ಸ್ಡ್ ಅಪ್, ಅಪ್ಪಾ. ಪಕ್ಕಪಕ್ಕದಲ್ಲೇ ಇದಾರೆ."

"ಪಾರ್ಟಿ ಬರೆದಿಲ್ವಾ?"

"ಇಲ್ಲ. ಓನ್ಲಿ ನೇಮ್ಸ್."

ಗಾಜಿನಲ್ಲಿ ಪ್ರಭಂಜನನ ಮುಖವೂ ಕಾಣುತ್ತಿತ್ತು. ಹೋದವರಿಗೆ ಇನ್ನು ಯಾವ ಬಹುಮತ, ಯಾವ ಕೋರಂ? ಹಟ ಹಿಡಿದು ವೆಂಕಣ್ಣನ ಅಂತ್ಯಕ್ರಿಯೆಗೂ ತಾನು ಹೋಗಲಿಲ್ಲವಲ್ಲ! ಕಿಟಕಿಯ ಬಳಿ ಹೋಗಿ ವೆಂಕಣ್ಣನ ಮನೆಗೆ ಫೋನ್ ಮಾಡಿದ. ಎತ್ತಿದವಳು ಅವನ ಹೆಂಡತಿ ಭಾನುಮತಿ.

"ಅಕ್ಕಾ, ನಾನು ಪ್ರಭಂಜನ. ನಾಳೆ ಸಭೇಲಿ ವೆಂಕಣ್ಣನ ಫೋಟೊ ಇಟ್ಟು ಹಾರ ಹಾಕಬೇಕು ಅಂತ... ಅವನದೊಂದು ಒಳ್ಳೇ ಫೋಟೊ ಕಳಿಸ್ತೀರಾ?"

ಭಾನುಮತಿಯ ಧಾರವಾಡದ ದನಿ, ಸಿಟ್ಟೂ ಇಲ್ಲದೆ, ಅಳುವೂ ಇಲ್ಲದೆ ಬಂತು.

"ಅವರೊಬ್ಬರ ಇದ್ದ ಛಲೋ ಫೋಟೊ ಒಂದೂ ಇಲ್ರಿ. ಎಲ್ಲಾದ್ರಾಗೂ ಮಗ್ಗಲಕ್ಕ ನೀವ ಇದ್ದೀರಿ. ಹಾರ ಹಾಕೋ ಫೋಟೊದಾಗ ಬದುಕಿದ್ದವರು ಇರಬಾರದಲ್ರಿ... ನಿಮ್ಮನ್ನ ಕತ್ತರಿಸಿ ಕಳಸಲೇನ್ರಿ?"