ರೌಟಿಯೋ ಮನೆಯವಳ ಸ್ಕೀ

"ಸೌಟು ಕೆಳಗಿಡು, ಏಪ್ರನ್ ಬಿಚ್ಚು, ಇದನ್ನ ಹಾಕ್ಕೋ," ಎಂದು ಇರ್ಮಾ ಅಜ್ಜಿ ಕಿತ್ತಳೆ ಬಣ್ಣದ ಜಾಕೆಟ್ಟೊಂದನ್ನು ರೆನೀಯ ಕೈಗೆ ತುರುಕಿದಳು. ಎಪ್ಪತ್ತೆರಡರ ಇರ್ಮಾ ಗುಡ್ಡದ ಸ್ಕೀ ಕ್ಲಬ್ಬಿನ ಯಜಮಾನಿ. ಅವಳನ್ನು ಊರೆಲ್ಲ ಕರೆಯುವುದು ಅಜ್ಜಿ ಅಂತಲೇ.

"ನಾನು ಅಡುಗೆ ಕೆಲ್ಸಕ್ಕೆ ಅಂತ ಬಂದಿದ್ದು, ಅಜ್ಜಿ."

"ಸೂಪು ತಾನಾಗೇ ಕುದಿಯುತ್ತೆ. ಮಕ್ಕಳು ತಾವಾಗೇ ಜಾರಲ್ಲ. ನನ್ ಜೊತೆ ಕಲಿಸ್ಬೇಕಿದ್ದ ಆ ವೇಯ್ನ್ ಬರಲ್ವಂತೆ, ಈ ಚಳಿಗೆ ಅವನ ಗಾಡಿ ಸ್ಟಾರ್ಟೇ ಆಗ್ಲಿಲ್ಲವಂತೆ. ಪುಟಾಣಿಗಳ ಗುಂಪಿಗೆ ಇಳಿಜಾರಿನ ಮೇಲೊಬ್ರು, ಕೆಳಗೊಬ್ರು ಇರ್ಲೇಬೇಕು. ಇಲ್ಲಾಂದ್ರೆ ಐದೂ ಮಕ್ಕಳನ್ನ ವಾಪಸ್ ಕಳಿಸ್ಬೇಕಾಗುತ್ತೆ. ಅರ್ಜಿಯಲ್ಲಿ ನೀನೇ ಬರ್ದಿದ್ದೀಯಲ್ಲ, ಯಾವ ಕೆಲಸವಾದರೂ ಸರಿ ಅಂತ!"

ಬರೆದದ್ದೇನೋ ನಿಜ. ಇಲ್ಲಿ ಆರು ಶನಿವಾರದ ಪಾಠಕ್ಕೆ ನಲವತ್ತೇ ಡಾಲರು, ಬೂಟು, ಸ್ಕೀ ಎಲ್ಲ ಎರವಲು. ಬದಲಿಗೆ ಮನೆಯಿಂದ ಒಬ್ಬರು ಬಂದು ದುಡಿಯಬೇಕು. ದೊಡ್ಡ ರೆಸಾರ್ಟಿನವರು ಒಂದು ದಿನಕ್ಕೆ ನೂರೆಂಬತ್ತು ಹೇಳಿದಾಗ ತೆಪ್ಪಗೆ ಫೋನಿಟ್ಟು, ಐದು ವರ್ಷದ ಮಗಳು ಲಿನ್ನೆಯಾಗೆ "ಮುಂದಿನ ವರ್ಷ ನೋಡೋಣ" ಎಂದು ಎರಡು ಸಲ ಸಾಗಹಾಕಿದ್ದ ರೆನೀಗೆ ಇದು ಸಿಕ್ಕಿದ್ದೇ ಪುಣ್ಯ. ಕೆಲಸವೆಂದರೆ ಪಾತ್ರೆ ತೊಳೆಯುವುದು, ಹಿಮ ಗೋರುವುದು ಅಂದುಕೊಂಡಿದ್ದಳು. ಸ್ಕೀ ಬರುತ್ತದೆಯೇ ಎಂದು ಅರ್ಜಿಯಲ್ಲಿ ಕೇಳಿರಲಿಲ್ಲ. ಈ ಊರಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಅದರಲ್ಲೂ ರೌಟಿಯೋ ಮನೆಯ ಮಗಳನ್ನು! ಅವಳ ದೊಡ್ಡಪ್ಪ ಸ್ಕೀ ಕಟ್ಟಿಕೊಂಡು ಗಾಳಿಯಲ್ಲಿ ಹಾರುತ್ತಿರುವ ಫೋಟೋ ಇದೇ ಕ್ಲಬ್ಬಿನ ಗೋಡೆಯ ಮೇಲಿದೆ. ಅದೇ ದೊಡ್ಡಪ್ಪ ಹಾಗೆ ಹಾರಿ ಬಿದ್ದು ಸೊಂಟ ಮುರಿದುಕೊಂಡ ವರ್ಷ ರೆನೀಯ ತಾಯಿ ಮನೆಯ ಸ್ಕೀಗಳನ್ನೆಲ್ಲ ಮುರಿದು ಸೌನಾದ, ಅಂದರೆ ಹಬೆಸ್ನಾನದ ಕೋಣೆಯ, ಒಲೆಗೆ ಹಾಕಿದ್ದು ಮಾತ್ರ ಯಾವ ಫೋಟೋದಲ್ಲೂ ಇಲ್ಲ.

ತನಗೆ ಸ್ಕೀ ಬರುವುದಿಲ್ಲವೆಂದು ಹೇಳಿಯೇಬಿಡೋಣ ಎಂದು ರೆನೀ ಬಾಯಿ ತೆರೆದಳು. ಅಷ್ಟರಲ್ಲಿ ಲಿನ್ನೆಯಾ, "ಅಮ್ಮ ನಮ್ ಟೀಚರ್ರಾ?" ಎಂದು ಕಣ್ಣರಳಿಸಿದಳು. ಮುಗಿಯಿತು. ಮೇಲೆ ಸುಮ್ಮನೆ ನಿಲ್ಲುವುದು ತಾನೆ, ನಿಲ್ಲಲಿಕ್ಕೆ ಯಾರಿಗೆ ಬರುವುದಿಲ್ಲ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡು ರೆನೀ ಬೂಟಿಗೆ ಸ್ಕೀ ಸಿಕ್ಕಿಸಿಕೊಂಡಳು. ಪುಟಾಣಿಗಳ ಇಳಿಜಾರು ಕ್ಲಬ್ಬಿನ ಬಾಗಿಲಿನಿಂದಲೇ ಶುರು. ಅಲ್ಲೇ ಇದ್ದ ಮರದ ಬೇಲಿಯನ್ನು ಗಟ್ಟಿಯಾಗಿ ಹಿಡಿದು ನಿಂತಳು.

ನಾಲ್ಕು ಮಕ್ಕಳು ಕಿರುಚುತ್ತಾ, ನಗುತ್ತಾ, ಕುಂಡೆ ಊರುತ್ತಾ ಒಬ್ಬರ ಹಿಂದೊಬ್ಬರು ಜಾರಿ ಹೋದರು. ಲಿನ್ನೆಯಾ ಮಾತ್ರ ಬೇಲಿಯ ಗೂಟವನ್ನು ಎರಡೂ ಕೈಯಿಂದ ಅಪ್ಪಿಕೊಂಡಿದ್ದಳು.

"ರೆನೀ, ಇನ್ನು ಹತ್ತೇ ನಿಮಿಷ!" ಕೆಳಗಿನಿಂದ ಅಜ್ಜಿ ಕೂಗಿದಳು. "ಮೊದಲ ದಿನ ಒಂದ್ಸಲಾನೂ ಜಾರದಿದ್ರೆ ಆ ಜಾಗ ಬೇರೆ ಮಗೂಗೆ ಹೋಗುತ್ತೆ. ನಂಗೇನು ಇಷ್ಟಾನಾ? ಹನ್ನೊಂದು ಮಕ್ಕಳು ಕಾಯ್ತಾ ಕೂತಿದಾವೆ!"

"ಬಾ ಪುಟ್ಟಾ, ಒಂದೇ ಒಂದ್ಸಲ. ಆ ಗೂಟ ಬಿಡು."

"ಊಹೂಂ. ಮೊದ್ಲು ನೀನು ಬಿಡು."

ರೆನೀ ಬೇಲಿ ಹಿಡಿದಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ತನ್ನ ಅಮ್ಮನಿಗಿದ್ದ ಭಯ ತನಗೆ ಅಂಟಿಕೊಂಡಿತು, ತನ್ನದು ಈಗ ಇವಳಿಗೆ. ಈ ಜಾಗವೂ ಕೈಬಿಟ್ಟರೆ ಮುಂದಿನ ವರ್ಷ ಎನ್ನುವುದು ಬರೀ ಬಾಯಿಮಾತು. ಏನಾದರಾಗಲಿ ಎಂದು ಮಗಳ ಕಡೆ ತಿರುಗಿ, "ಇಗೋ, ಬಿಟ್ಟೆ!" ಎಂದು ಎರಡೂ ಕೈ ಮೇಲೆತ್ತಿದಳು.

ಸ್ಕೀಗಳು ಅಷ್ಟಕ್ಕೇ ಕಾದಿದ್ದವು. ಮಗಳಿಗೆ ಮುಖ, ಇಳಿಜಾರಿಗೆ ಬೆನ್ನು. ಹಿಂದುಹಿಂದಕ್ಕೆ ಹೊರಟಿತು ಸವಾರಿ.

"ಭೇಷ್!" ಅಜ್ಜಿ ಚಪ್ಪಾಳೆ ತಟ್ಟಿದಳು. "ನೋಡ್ರೋ ಮಕ್ಕಳಾ, ಹಿಂದಕ್ಕೆ ಜಾರಿ ತೋರಿಸ್ತಿದಾಳೆ! ರೌಟಿಯೋ ರಕ್ತ ಅಂದ್ರೆ ಇದು!"

ರೌಟಿಯೋ ರಕ್ತ "ಅಯ್ಯಯ್ಯಯ್ಯೋ" ಎನ್ನುತ್ತಾ ಬಂದು, ಕೆಳಗೆ ಅಡ್ಡಲಾಗಿ ಪೇರಿಸಿಟ್ಟಿದ್ದ ಹುಲ್ಲಿನ ಹೊರೆಗಳ ಮೇಲೆ ಧೊಪ್ಪನೆ ಬಿದ್ದು, ಹಾಗೇ ಮಗುಚಿಕೊಂಡಿತು. ಒಂದು ಸ್ಕೀ ಕಳಚಿ ಅತ್ತ ಹೋಯಿತು, ಟೋಪಿ ಇತ್ತ.

"ಬದುಕಿದ್ದೀಯೇನೇ?"

"ಇದೀನಿ ಅಜ್ಜಿ. ನಂಗೆ ಸ್ಕೀ ಬರಲ್ಲ."

"ಇವತ್ತು ಬರ್ತಿಲ್ವಾ?"

"ಹುಟ್ಟಿದಾಗಿಂದ ಬರಲ್ಲ."

ನಗಲು ಶುರುಮಾಡಿದ ಅಜ್ಜಿ ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೇ ಕುಸಿದಳು. "ಮೂವತ್ತೆರಡು ವರ್ಷ ಊರಿಗೆ ಊರನ್ನೇ ಯಾಮಾರಿಸಿದ್ಯಲ್ಲೇ ಕಳ್ಳಿ!"

ಮಕ್ಕಳೂ ನಕ್ಕರು. ರೆನೀಗೆ ಮಾತ್ರ ಅಳು ಒತ್ತರಿಸಿ ಬಂತು. ಅವಮಾನಕ್ಕಲ್ಲ, ಹತ್ತು ನಿಮಿಷ ಆಗಿಹೋಯಿತು, ಮಗಳ ಜಾಗ ಹೋಯಿತಲ್ಲ ಎಂದು. ಮುಖಕ್ಕೆ ಮೆತ್ತಿದ ಹಿಮ ಒರೆಸಿಕೊಂಡು ಮೇಲೆ ಬೇಲಿಯ ಕಡೆ ನೋಡಿದಳು. ಬೇಲಿಯ ಹತ್ತಿರ ಯಾರೂ ಇರಲಿಲ್ಲ.

"ಅಮ್ಮಾ, ಪೆಟ್ಟಾಯ್ತಾ?"

ದನಿ ಕಿವಿಯ ಪಕ್ಕದಲ್ಲೇ ಕೇಳಿತು. ಲಿನ್ನೆಯಾ ಏದುಸಿರು ಬಿಡುತ್ತಾ, ಅಮ್ಮನನ್ನು ಎಬ್ಬಿಸಲು ಒಂದು ಕೈ ಚಾಚಿ ನಿಂತಿದ್ದಳು. ಅವಳ ಹಿಂದೆ ಹಿಮದ ಮೇಲೆ ಎರಡು ಸಣ್ಣ ಗೆರೆ, ಮೇಲಿನಿಂದ ನೇರ ಇಲ್ಲಿಯವರೆಗೆ. ಅಜ್ಜಿಯ ನಗು ಥಟ್ಟನೆ ನಿಂತಿತು. ರೆನೀಯ ಕಣ್ಣು ಆ ಗುರುತಿನ ಗುಂಟ ಮೇಲಕ್ಕೆ ಹೋಯಿತು.

ಇಬ್ಬರೂ ಏನು ನೋಡುತ್ತಿದ್ದಾರೆಂದು ಲಿನ್ನೆಯಾ ನಿಧಾನಕ್ಕೆ ಕತ್ತು ತಿರುಗಿಸಿದಳು. ಆ ಗೆರೆಗಳನ್ನು ನೋಡಿದಳು, ತನ್ನ ಕಾಲನ್ನು ನೋಡಿಕೊಂಡಳು.

"ಅಮ್ಮಾ," ಎಂದಳು ಪಿಸುದನಿಯಲ್ಲಿ, "ನಾನಿಲ್ಲಿಗೆ ಹೇಗೆ ಬಂದೆ?"